ಕರೆಂಟು ಬರುವ ದಾರಿ ಗೊತ್ತು, ವಾಪಸ್ ಹೋಗುವ ದಾರಿ?

ದೊಡ್ಡಬಳ್ಳಾಪುರದಲ್ಲಿ ಮಗ್ಗ, ದೇವನಹಳ್ಳಿಯಲ್ಲಿ ದ್ರಾಕ್ಷಿ ತೋಟ, ಹೊಸಕೋಟೆಯಲ್ಲಿ ತರಕಾರಿ ಮತ್ತು ಹಾಲು, ನೆಲಮಂಗಲದಲ್ಲಿ ಹೆದ್ದಾರಿ ಪಕ್ಕದ ವರ್ಕ್‌ಶಾಪು. ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಕರೆಂಟು ಇಲ್ಲದೆ ನಡೆಯುವ ಕಸುಬು ಈಗ ಹುಡುಕಿದರೂ ಸಿಗುವುದು ಕಷ್ಟ. ಬೋರ್‌ವೆಲ್ ನೀರು ಮೇಲೆ ಬರಬೇಕಾದರೆ ಕರೆಂಟು ಬೇಕು. ಮಗ್ಗದ ಲಾಳಿ ಓಡಬೇಕಾದರೆ ಕರೆಂಟು ಬೇಕು. ಹಿಟ್ಟಿನ ಗಿರಣಿ, ಹಾಲಿನ ಡೇರಿ, ಮಕ್ಕಳ ಮೊಬೈಲು ಎಲ್ಲದಕ್ಕೂ ಅದೇ ಬೇಕು.

ಇಷ್ಟೆಲ್ಲ ಬಳಸುವ ನಾವು ಅದರ ಬಗ್ಗೆ ತಿಳಿದುಕೊಂಡಿರುವುದು ಮಾತ್ರ ಬಹಳ ಕಡಿಮೆ. ಸ್ವಿಚ್ ಹಾಕಿದರೆ ಉರಿಯುತ್ತದೆ, ತೆಗೆದರೆ ಆರುತ್ತದೆ, ಕೆಟ್ಟರೆ ಲೈನ್‌ಮ್ಯಾನ್ ಬರಬೇಕು. ಹೆಚ್ಚಿನವರ ತಿಳಿವಳಿಕೆ ಅಲ್ಲಿಗೆ ನಿಲ್ಲುತ್ತದೆ.

ನಾವು ಪತ್ರಿಕೋದ್ಯಮ ಓದಿದವರು, ವೈರ್‌ಮನ್‌ಗಳಲ್ಲ. ಆದರೂ ಈ ವಿಷಯ ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ಹಳ್ಳಿಗಳಿಂದ ಬರುವ ಸುದ್ದಿಗಳಲ್ಲಿ 'ವಿದ್ಯುತ್ ಸ್ಪರ್ಶಿಸಿ ಸಾವು' ಎಂಬ ತಲೆಬರಹ ಮತ್ತೆ ಮತ್ತೆ ಬರುತ್ತದೆ. ಬಟ್ಟೆ ಒಣಹಾಕಲು ಹೋದ ಹೆಂಗಸು, ಮೋಟಾರ್ ಹಾಕಲು ಹೋದ ರೈತ, ಹಬ್ಬಕ್ಕೆ ಚಪ್ಪರ ಕಟ್ಟಲು ಹೋದ ಹುಡುಗ. ಸುದ್ದಿಯಲ್ಲಿ ಹೆಸರು, ವಯಸ್ಸು, ಊರು ಇರುತ್ತವೆ, 'ಪ್ರಕರಣ ದಾಖಲಾಗಿದೆ' ಎಂಬ ಕೊನೆಯ ಸಾಲು ಇರುತ್ತದೆ. ಕರೆಂಟು ಎಲ್ಲಿಂದ ಬಂತು, ಆ ದೇಹದ ಮೂಲಕ ಎಲ್ಲಿಗೆ ಹೋಯಿತು, ಮಧ್ಯೆ ತಡೆಯಬೇಕಾದದ್ದು ಏಕೆ ತಡೆಯಲಿಲ್ಲ ಎಂಬುದು ಇರುವುದಿಲ್ಲ. ಆ ಮೂರು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಪಕ್ಕದ ಮನೆಯವರು ಆ ಸುದ್ದಿಯಿಂದ ಏನನ್ನೂ ಕಲಿಯುವುದಿಲ್ಲ. ಅದು ಹಣೆಬರಹ ಎಂದುಕೊಂಡು ಸುಮ್ಮನಾಗುತ್ತಾರೆ.

ನಮ್ಮ ಅಭಿಪ್ರಾಯ ಸರಳ. ಸರ್ಕ್ಯೂಟ್ ಅಂದರೆ ಏನು ಎಂಬುದು ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಗೊತ್ತಿರಬೇಕು. ಅದನ್ನು ತಿಳಿಸಿಕೊಡುವ ಕೆಲಸ ಶಾಲೆ ಮತ್ತು ಪಂಚಾಯಿತಿ ಮಾಡಬೇಕು. ಅದು ಕಷ್ಟದ ವಿದ್ಯೆ ಏನಲ್ಲ.

ಸೈಕಲ್ ಚೈನಿನಂತೆ

ಕರೆಂಟನ್ನು ನೀರಿಗೆ ಹೋಲಿಸಿ ಹೇಳುವುದು ರೂಢಿ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಒತ್ತಡ, ಅದು ವೋಲ್ಟೇಜ್. ಪೈಪಿನಲ್ಲಿ ಹರಿಯುವ ನೀರಿನ ಪ್ರಮಾಣ ಆಂಪಿಯರ್. ಪೈಪ್ ಸಣ್ಣದಿದ್ದರೆ ನೀರಿಗೆ ಅಡ್ಡಿ ಜಾಸ್ತಿ, ಅದು ರೆಸಿಸ್ಟೆನ್ಸ್, ಅಳತೆ ಓಮ್. ಇಲ್ಲಿಯವರೆಗೆ ಹೋಲಿಕೆ ಸರಿ.

ಆದರೆ ಒಂದು ಕಡೆ ಈ ಹೋಲಿಕೆ ದಾರಿ ತಪ್ಪಿಸುತ್ತದೆ. ಪೈಪ್ ಕತ್ತರಿಸಿದರೆ ನೀರು ಹೊರಗೆ ಚೆಲ್ಲುತ್ತದೆ. ವೈರ್ ಕತ್ತರಿಸಿದರೆ ಕರೆಂಟು ಚೆಲ್ಲುವುದಿಲ್ಲ, ನಿಂತುಹೋಗುತ್ತದೆ. ಏಕೆಂದರೆ ಕರೆಂಟು ಎಲ್ಲಿಂದ ಹೊರಟಿತೋ ಅಲ್ಲಿಗೇ ವಾಪಸ್ ಹೋಗಬೇಕು. ಸೈಕಲ್ ಚೈನು ನೆನಪಿಸಿಕೊಳ್ಳಿ. ಪೆಡಲಿನ ಹತ್ತಿರದಿಂದ ಹೊರಟ ಚೈನು ಹಿಂದಿನ ಚಕ್ರವನ್ನು ತಿರುಗಿಸಿ ಮತ್ತೆ ಪೆಡಲಿಗೇ ಬರುತ್ತದೆ. ಎಲ್ಲಿ ಒಂದು ಕೊಂಡಿ ಕಳಚಿದರೂ ಚಕ್ರ ನಿಲ್ಲುತ್ತದೆ. ಸರ್ಕ್ಯೂಟ್ ಅಂದರೆ ಇಷ್ಟೇ: ಹೋಗುವ ದಾರಿ, ಕೆಲಸ ಮಾಡುವ ವಸ್ತು, ಬರುವ ದಾರಿ. ಮೂರೂ ಸೇರಿದ ಒಂದು ಸುತ್ತು.

ನಮ್ಮ ಮನೆಗೆ ಹೋಗುವ ದಾರಿಯ ಹೆಸರು ಫೇಸ್, ವಾಪಸ್ ದಾರಿಯ ಹೆಸರು ನ್ಯೂಟ್ರಲ್. ಸುತ್ತು ಶುರುವಾಗುವುದೂ ಮುಗಿಯುವುದೂ ಊರ ಹೊರಗಿನ ಟಿಸಿಯಲ್ಲಿ. ಆ ಟಿಸಿಯ ನ್ಯೂಟ್ರಲನ್ನು ಅಲ್ಲೇ ನೆಲಕ್ಕೆ ಸೇರಿಸಿರುತ್ತಾರೆ. ಇದೊಂದು ಸಂಗತಿ ಗೊತ್ತಾದರೆ ಶಾಕ್ ಹೊಡೆಯುವುದು ಏಕೆ ಎಂಬುದು ಅರ್ಥವಾಗುತ್ತದೆ. ನೆಲವೂ ಟಿಸಿಗೆ ಸೇರಿಕೊಂಡಿದೆ, ಅಂದರೆ ನೆಲವೂ ಒಂದು ವಾಪಸ್ ದಾರಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಫೇಸ್ ಮುಟ್ಟಿದರೆ ಸುತ್ತು ಪೂರ್ತಿಯಾಗುತ್ತದೆ. ಮಧ್ಯದ ಕೊಂಡಿ ನಮ್ಮ ದೇಹ.

ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗದಿರುವುದಕ್ಕೂ ಇದೇ ಕಾರಣ. ಅದರ ಎರಡೂ ಕಾಲು ಒಂದೇ ತಂತಿಯ ಮೇಲಿದೆ, ನೆಲಕ್ಕೆ ದಾರಿ ಇಲ್ಲ.

ಸೀರಿಯಲ್ ಸೆಟ್ಟಿನ ಪಾಠ

ಗಣೇಶನ ಹಬ್ಬಕ್ಕೆ ತರುವ ಬಲ್ಬಿನ ಸರಕ್ಕೆ ನಾವೆಲ್ಲ 'ಸೀರಿಯಲ್ ಸೆಟ್' ಅನ್ನುತ್ತೇವೆ. ಆ ಹೆಸರಿನಲ್ಲೇ ಪಾಠವಿದೆ. ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಪುಟ್ಟ ಪುಟ್ಟ ಬಲ್ಬುಗಳು ಒಂದರ ಹಿಂದೆ ಒಂದು ಇರುತ್ತವೆ. 6 ವೋಲ್ಟಿನ 38 ಬಲ್ಬು ಇದ್ದರೆ 230 ವೋಲ್ಟನ್ನು ಎಲ್ಲವೂ ಹಂಚಿಕೊಳ್ಳುತ್ತವೆ. ಒಂದು ಬಲ್ಬು ಹೋದರೆ ಇಡೀ ಸರ ಕತ್ತಲು, ಚೈನಿನ ಕೊಂಡಿ ಕಳಚಿದ ಹಾಗೆ. ಶಾಲೆಯ ಪುಸ್ತಕ ಇದನ್ನು ಸರಣಿ ಜೋಡಣೆ ಅನ್ನುತ್ತದೆ.

ಮನೆಯ ವೈರಿಂಗ್ ಹಾಗಲ್ಲ. ಅಡುಗೆಮನೆಯ ಬಲ್ಬು ಹೋದರೆ ಹಜಾರದ ಫ್ಯಾನು ನಿಲ್ಲುವುದಿಲ್ಲ. ಪ್ರತಿಯೊಂದಕ್ಕೂ ಫೇಸಿನಿಂದ ನ್ಯೂಟ್ರಲಿಗೆ ತನ್ನದೇ ಸುತ್ತು ಇದೆ, ಎಲ್ಲಕ್ಕೂ ಪೂರ್ತಿ 230 ವೋಲ್ಟ್ ಸಿಗುತ್ತದೆ. ಇದು ಸಮಾಂತರ ಜೋಡಣೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಒಂದೊಂದು ವಸ್ತು ಸೇರಿಸಿದ ಹಾಗೂ ಎಲ್ಲದರ ಕರೆಂಟು ಕೂಡಿಕೊಂಡು ಒಂದೇ ವೈರಿನಲ್ಲಿ ಬರುತ್ತದೆ.

ಲೆಕ್ಕ ನೋಡಿ. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 1500 ವ್ಯಾಟಿನ ನೀರು ಕಾಯಿಸುವ ಕಾಯಿಲ್ 6.5 ಆಂಪಿಯರ್ ಎಳೆಯುತ್ತದೆ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 4.3, 750 ವ್ಯಾಟಿನ ಮಿಕ್ಸಿ 3.3. ಬೆಳಿಗ್ಗೆ ಎಲ್ಲರಿಗೂ ಅವಸರ ಎಂದು ಈ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದರೆ 14 ಆಂಪಿಯರ್. ಆ ಬಾಕ್ಸು ಸಿಕ್ಕಿಸಿರುವ ಸಣ್ಣ ಪ್ಲಗ್ಗಿನ ತಾಳಿಕೆ 6 ಆಂಪಿಯರ್. ಕರೆಂಟು ಎರಡು ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟಾಗುತ್ತದೆ. ಪ್ಲಗ್ಗು ಕಂದಾಗುವುದು, ವೈರು ಸುಟ್ಟ ವಾಸನೆ ಬರುವುದು ಇದರಿಂದ. ಆಗ ಹೊಸ ಪ್ಲಗ್ಗು ತಂದು ಹಾಕಿದರೆ ಅದೂ ಕಂದಾಗುತ್ತದೆ. ಲೋಡ್ ಕಡಿಮೆ ಮಾಡಬೇಕು, ಇಲ್ಲವೇ 16 ಆಂಪಿಯರ್ ಪಾಯಿಂಟಿಗೆ ದಪ್ಪ ವೈರ್ ಎಳೆಸಬೇಕು.

ಇದೇ ವ್ಯಾಟಿನ ಲೆಕ್ಕ ಬಿಲ್ಲಿಗೂ ಬೇಕು. 1000 ವ್ಯಾಟ್ ಒಂದು ಗಂಟೆ ನಡೆದರೆ 1 ಯೂನಿಟ್. ಕಾಯಿಲ್ ದಿನಕ್ಕೆ ಒಂದು ಗಂಟೆ ಹಾಕಿದರೆ ತಿಂಗಳಿಗೆ 45 ಯೂನಿಟ್. 2023ರ ಆಗಸ್ಟಿನಿಂದ ಬಂದ ಗೃಹಜ್ಯೋತಿ ಎಲ್ಲರಿಗೂ ಸಾರಾಸಗಟು 200 ಯೂನಿಟ್ ಉಚಿತ ಎಂದುಕೊಂಡವರು ಇನ್ನೂ ಇದ್ದಾರೆ. ಯೋಜನೆ ಶುರುವಾದಾಗ ಇಟ್ಟ ಲೆಕ್ಕ ಬೇರೆ: ಹಿಂದಿನ ವರ್ಷದ ನಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10. ಅದನ್ನು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. 60 ಯೂನಿಟ್ ಸರಾಸರಿಯ ಮನೆಗೆ ಹೊಸ ಕಾಯಿಲ್ ಬಂದರೆ ಬಿಲ್ಲೂ ಬರುತ್ತದೆ. ಮೀಟರ್ ಓದುವವರ ಜೊತೆ ಜಗಳ ಆಡುವ ಮುಂಚೆ ಈ ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು.

ಎಂಸಿಬಿ ಕಾಯುವುದು ವೈರನ್ನು

'ನಮ್ಮ ಮನೆಗೆ ಎಂಸಿಬಿ ಹಾಕಿಸಿದ್ದೇವೆ, ಭಯ ಇಲ್ಲ' ಎಂಬ ಮಾತು ಬಹಳ ಕಡೆ ಕೇಳಿಸುತ್ತದೆ. ಇದು ಅಪಾಯದ ಧೈರ್ಯ.

ಫ್ಯೂಸ್ ಆಗಲಿ ಎಂಸಿಬಿ ಆಗಲಿ ಇರುವುದು ವೈರು ಸುಡದಂತೆ ನೋಡಿಕೊಳ್ಳಲು. 6 ಆಂಪಿಯರ್ ಎಂಸಿಬಿ 6 ಆಂಪಿಯರ್ ದಾಟಿದ ಮೇಲೆ ತಾನೇ ಬೀಳುವುದು? ಮನುಷ್ಯನ ಎದೆಬಡಿತ ಕೆಡಲು ಅಷ್ಟೆಲ್ಲ ಬೇಕಿಲ್ಲ. ಮನುಷ್ಯನನ್ನು ಕಾಯಲು ಇರುವ ಆರ್‌ಸಿಸಿಬಿ ಎಂಬ ಸಾಧನ 30 ಮಿಲಿಆಂಪಿಯರಿಗೆ, ಅಂದರೆ 0.03 ಆಂಪಿಯರಿಗೆ ಬೀಳುವಂತೆ ಮಾಡಿರುತ್ತಾರೆ. 6 ಆಂಪಿಯರ್ ಅದರ 200 ಪಟ್ಟು. ಮನುಷ್ಯ ಶಾಕಿನಲ್ಲಿ ಒದ್ದಾಡುತ್ತಿದ್ದರೂ ಎಂಸಿಬಿಗೆ ಅದು ಒಂದು ಬಲ್ಬು ಉರಿದಂತೆ ಕಾಣುತ್ತದೆ.

ಆರ್‌ಸಿಸಿಬಿ ಕೆಲಸ ಮಾಡುವ ರೀತಿಯೂ ಸುತ್ತಿನ ಲೆಕ್ಕವೇ. ಫೇಸಿನಲ್ಲಿ ಹೋದದ್ದು ಎಷ್ಟು, ನ್ಯೂಟ್ರಲಿನಲ್ಲಿ ವಾಪಸ್ ಬಂದದ್ದು ಎಷ್ಟು ಎಂದು ಅದು ತೂಗುತ್ತಿರುತ್ತದೆ. ಎರಡೂ ಸಮ ಇದ್ದರೆ ಸರಿ. ವ್ಯತ್ಯಾಸ ಕಂಡರೆ ಕರೆಂಟು ಬೇರೆಲ್ಲೋ ನೆಲಕ್ಕೆ ಇಳಿಯುತ್ತಿದೆ ಎಂದರ್ಥ. ತಕ್ಷಣ ಕಡಿದುಬಿಡುತ್ತದೆ. ಅದರ ಮೇಲೆ 'ಟಿ' ಎಂದು ಬರೆದ ಗುಂಡಿ ಇರುತ್ತದೆ, ಅದನ್ನು ಆಗಾಗ ಒತ್ತಿ ನೋಡಬೇಕು. ಬೀಳದಿದ್ದರೆ ಅದು ಕೆಟ್ಟಿದೆ ಎಂದು ಅರ್ಥ.

ಇನ್ನು ಅರ್ಥಿಂಗ್. ಗ್ರೈಂಡರ್, ಫ್ರಿಜ್, ಮೋಟಾರ್ ಇವುಗಳ ಒಳಗೆ ಫೇಸ್ ವೈರಿನ ತೊಗಟೆ ಕಿತ್ತು ಲೋಹದ ಮೈಗೆ ತಗುಲಿದರೆ, ಆ ಕರೆಂಟು ನಮ್ಮ ದೇಹಕ್ಕೆ ಕಾಯದೆ ನೇರ ನೆಲಕ್ಕೆ ಹೋಗಲಿ ಎಂದು ಹಸಿರು ವೈರಿನ ದಾರಿ ಇಟ್ಟಿರುತ್ತಾರೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನು ಅದರದ್ದು. 'ಬೋರ್ಡಿಗೆ ಹೋಗ್ತಿಲ್ಲ' ಎಂದು ಆ ಪಿನ್ನನ್ನೇ ಮುರಿದು ಸಿಕ್ಕಿಸುವುದು ನಮ್ಮೂರುಗಳಲ್ಲಿ ಸಾಮಾನ್ಯ. ಪಿನ್ನು ಇದ್ದರೂ ಬೋರ್ಡಿನ ಹಿಂದೆ ಹಸಿರು ವೈರೇ ಇಲ್ಲದ ಹಳೆಯ ಮನೆಗಳೂ ಬೇಕಾದಷ್ಟಿವೆ.

ವೈರ್ ಇದ್ದರೂ ಗುಂಡಿ ಒಣಗಿದ್ದರೆ ಉಪಯೋಗ ಕಡಿಮೆ. ಬೇಸಿಗೆಯಲ್ಲಿ ನಮ್ಮ ಕೆಮ್ಮಣ್ಣು ಒಣಗಿದಾಗ ಅರ್ಥಿಂಗಿನ ಅಡ್ಡಿ 20 ಓಮ್ ಆಯಿತು ಎಂದುಕೊಳ್ಳಿ. 230ನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. 16 ಆಂಪಿಯರ್ ಎಂಸಿಬಿ ಬೀಳುವುದೇ ಇಲ್ಲ, ಗ್ರೈಂಡರಿನ ಮೈಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಅದಕ್ಕೇ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಆಗಾಗ ನೀರು ಹುಯ್ಯಿ ಎಂದು ಹಿರಿಯರು ಹೇಳುವುದು. ಒಳ್ಳೆಯ ಅರ್ಥಿಂಗ್ ಮತ್ತು ಆರ್‌ಸಿಸಿಬಿ, ಎರಡೂ ಇರಬೇಕು. ಮನೆ ಗೃಹಪ್ರವೇಶಕ್ಕೆ ಲಕ್ಷಗಟ್ಟಲೆ ಖರ್ಚು ಮಾಡುವವರು ಇದೊಂದರಲ್ಲಿ ಉಳಿತಾಯ ನೋಡಬಾರದು.

ನ್ಯೂಟ್ರಲ್ ಕಟ್ಟಾದ ರಾತ್ರಿ

ಕೆಲವೊಮ್ಮೆ ಒಂದು ಬೀದಿಯ ಟಿವಿ, ಫ್ರಿಜ್, ಬಲ್ಬುಗಳು ಒಟ್ಟಿಗೆ ಸುಟ್ಟುಹೋಗುತ್ತವೆ. 'ಹೈ ವೋಲ್ಟೇಜ್ ಬಂತು' ಎಂದು ಎಲ್ಲರೂ ಹೇಳುತ್ತಾರೆ. ಹೈ ವೋಲ್ಟೇಜ್ ಎಲ್ಲಿಂದ ಬಂತು? ಹಲವು ಸಲ ಅದಕ್ಕೆ ಕಾರಣ ಕಂಬದ ಮೇಲೆ ನ್ಯೂಟ್ರಲ್ ತಂತಿ ಕಟ್ಟಾಗಿರುವುದು ಅಥವಾ ಸಡಿಲವಾಗಿರುವುದು.

ಟಿಸಿಯಿಂದ ಮೂರು ಫೇಸ್ ಬರುತ್ತವೆ. ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್. ನಿಮ್ಮ ಮನೆ ಒಂದು ಫೇಸಿನಲ್ಲಿ, ಎದುರು ಮನೆ ಇನ್ನೊಂದರಲ್ಲಿ ಇದೆ. ನ್ಯೂಟ್ರಲ್ ಕಟ್ಟಾದರೆ ನಿಮ್ಮ ಕರೆಂಟಿಗೆ ವಾಪಸ್ ದಾರಿ ಇಲ್ಲ. ಅದು ಎದುರು ಮನೆಯ ಮೂಲಕ ಇನ್ನೊಂದು ಫೇಸಿಗೆ ಹೋಗುತ್ತದೆ. ಎರಡೂ ಮನೆ ಸೇರಿ ಒಂದು ಸೀರಿಯಲ್ ಸೆಟ್ ಆಯಿತು, 400 ವೋಲ್ಟ್ ಹಂಚಿಕೆ ಶುರುವಾಯಿತು. ಎದುರು ಮನೆಯಲ್ಲಿ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಇದೆ, ನಿಮ್ಮಲ್ಲಿ ಒಟ್ಟು 100 ವ್ಯಾಟಿನ ಬಲ್ಬು. ಕಡಿಮೆ ಲೋಡಿನವರಿಗೆ ಹೆಚ್ಚು ವೋಲ್ಟೇಜ್: ನಿಮ್ಮ ಪಾಲಿಗೆ ಸುಮಾರು 360 ವೋಲ್ಟ್ ಬರುತ್ತದೆ. ಮಿತವಾಗಿ ಬಳಸಿದವರ ಮನೆಯ ಟಿವಿಯೇ ಸುಡುವುದು.

ಆದ್ದರಿಂದ ಬಲ್ಬು ಇದ್ದಕ್ಕಿದ್ದಂತೆ ಬಹಳ ಪ್ರಕಾಶವಾಗಿ ಉರಿದರೆ, ಅಥವಾ ಒಂದು ಮನೆಯಲ್ಲಿ ಮಂಕಾಗಿ ಇನ್ನೊಂದರಲ್ಲಿ ಜೋರಾಗಿ ಉರಿದರೆ, ಕಾಯಬೇಡಿ. ಮೇನ್ ಸ್ವಿಚ್ ಆಫ್ ಮಾಡಿ ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. 'ಕರೆಂಟ್ ಸರಿಯಿಲ್ಲ' ಎನ್ನುವ ಬದಲು 'ನ್ಯೂಟ್ರಲ್ ಕಟ್ ಆದ ಹಾಗಿದೆ' ಎಂದು ಹೇಳಿದರೆ ಬರುವವರಿಗೂ ಎಲ್ಲಿ ನೋಡಬೇಕೆಂದು ಗೊತ್ತಾಗುತ್ತದೆ. ಟೆಸ್ಟರ್ ಉರಿಯುತ್ತದೆ, ಆದರೆ ಬಲ್ಬು ಉರಿಯುವುದಿಲ್ಲ ಎಂಬ ಒಗಟಿಗೂ ಉತ್ತರ ಇದೇ. ಟೆಸ್ಟರ್ ಫೇಸ್ ಇದೆಯೋ ಇಲ್ಲವೋ ಹೇಳುತ್ತದೆ, ವಾಪಸ್ ದಾರಿ ಇದೆಯೋ ಇಲ್ಲವೋ ಹೇಳುವುದಿಲ್ಲ.

ಪಂಪ್‌ಸೆಟ್ಟು ಮತ್ತು ಟಿಸಿ

ಸಾವಿರ ಅಡಿ ಇಳಿಸಿದ ಬೋರ್‌ವೆಲ್ಲಿನಲ್ಲಿ ಮೋಟಾರ್ ಸುಟ್ಟರೆ ಎತ್ತುವ ಕೂಲಿ, ವೈಂಡಿಂಗ್, ಮತ್ತೆ ಇಳಿಸುವ ಕೂಲಿ, ಅಷ್ಟು ದಿನ ನೀರಿಲ್ಲದೆ ಬಾಡಿದ ಬೆಳೆ. ಇಲ್ಲಿ ಸರ್ಕ್ಯೂಟಿನ ತಿಳಿವಳಿಕೆ ನೇರವಾಗಿ ದುಡ್ಡು.

ತ್ರೀ ಫೇಸ್ ಮೋಟಾರಿಗೆ ಒಂದು ಫೇಸ್ ಹೋದರೆ ಉಳಿದ ಎರಡರ ಮೇಲೆ ಭಾರ ಬಿದ್ದು ಕರೆಂಟು ಏರುತ್ತದೆ, ವೈಂಡಿಂಗ್ ಸುಡುತ್ತದೆ. ಸ್ಟಾರ್ಟರಿನಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಇರುವುದು ಇದನ್ನು ತಡೆಯಲು. ಅದನ್ನು ಬೈಪಾಸ್ ಮಾಡಿ, ಕಂಡೆನ್ಸರ್ ಹಾಕಿ ಎರಡೇ ಫೇಸಿನಲ್ಲಿ ಓಡಿಸುವ 'ಉಪಾಯ' ಅನೇಕ ತೋಟಗಳಲ್ಲಿದೆ. ಒಂದು ರಾತ್ರಿಯ ನೀರಿನ ಆಸೆಗೆ ಮೋಟಾರನ್ನೇ ಪಣಕ್ಕಿಟ್ಟ ಹಾಗೆ.

ಟಿಸಿ ಸುಡುವುದರ ಲೆಕ್ಕವೂ ಕಷ್ಟವಲ್ಲ. 63 ಕೆವಿಎ ಟಿಸಿ ಒಂದೊಂದು ಫೇಸಿಗೆ ಸುಮಾರು 84 ಆಂಪಿಯರ್ ಕೊಡಬಲ್ಲದು. 5 ಎಚ್‌ಪಿ ಮೋಟಾರ್ ಓಡುವಾಗ ಸುಮಾರು 7.5 ಆಂಪಿಯರ್ ಎಳೆಯುತ್ತದೆ. ಹತ್ತು ಮೋಟಾರಿಗೆ 75, ಹೇಗೋ ತಾಳಿಕೊಳ್ಳುತ್ತದೆ. ಆದರೆ ನೇರ ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟಾರ್ ಐದಾರು ಪಟ್ಟು ಕರೆಂಟು ಕೇಳುತ್ತದೆ. ಎಲ್ಲರೂ ಆಟೊ ಸ್ಟಾರ್ಟರ್ ಹಾಕಿಸಿದ್ದಾರೆ, ತ್ರೀ ಫೇಸ್ ಬಂದ ಕೂಡಲೇ ಹತ್ತೂ ಮೋಟಾರ್ ಒಟ್ಟಿಗೆ ಏಳುತ್ತವೆ. 84 ಕೊಡಬಲ್ಲ ಟಿಸಿಯನ್ನು ಒಂದೇ ಸಲ 400ಕ್ಕಿಂತ ಹೆಚ್ಚು ಕೇಳಿದ ಹಾಗಾಯಿತು. ವೋಲ್ಟೇಜ್ ಕುಸಿಯುತ್ತದೆ, ಕೆಲವು ಮೋಟಾರ್ ತಿರುಗಲಾರದೆ ಗುಂಯ್‌ಗುಡುತ್ತವೆ, ಫ್ಯೂಸ್ ಹಾರುತ್ತದೆ. ಆಮೇಲೆ ಯಾರೋ ಒಬ್ಬರು ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತುತ್ತಾರೆ. ಇನ್ನೊಂದು ಸಲ ಹಾರುವುದು ಟಿಸಿಯೇ.

ಒಂದು ಟಿಸಿಯ ಕೆಳಗಿರುವ ರೈತರು ಕೂತು ಮಾತಾಡಿಕೊಂಡು, ಆಟೊ ಸ್ಟಾರ್ಟರಿನ ಟೈಮರನ್ನು ಒಬ್ಬೊಬ್ಬರದು ಒಂದೆರಡು ನಿಮಿಷ ಮುಂದೆ ಹಿಂದೆ ಇಟ್ಟುಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಅನುದಾನ ಬೇಕಿಲ್ಲ. ಕೆರೆ ನೀರಿಗೆ ಸರದಿ ಇಟ್ಟುಕೊಂಡು ಬಾಳಿದ ಊರುಗಳು ನಮ್ಮವು.

ವೈರಿನ ದಪ್ಪವೂ ಮುಖ್ಯ. 1.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ಅಡ್ಡಿ. ಮನೆಯಿಂದ 100 ಮೀಟರ್ ದೂರದ ಶೆಡ್ಡಿಗೆ ಎಳೆದರೆ ಹೋಗಿ ಬರಲು 200 ಮೀಟರ್, 2.4 ಓಮ್. 10 ಆಂಪಿಯರ್ ಹರಿದರೆ ದಾರಿಯಲ್ಲೇ 24 ವೋಲ್ಟ್ ಸೋರಿ, ಮೋಟಾರಿಗೆ 206 ಮಾತ್ರ ತಲುಪುತ್ತದೆ. 4 ಚದರ ಮಿಲಿಮೀಟರ್ ವೈರ್ ಹಾಕಿದರೆ ನಷ್ಟ 9 ವೋಲ್ಟ್. ಅಂಗಡಿಯಲ್ಲಿ ಉಳಿಸಿದ ದುಡ್ಡು ಆಮೇಲೆ ವೈಂಡಿಂಗ್ ಅಂಗಡಿಗೆ ಹೋಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 92 ಮೈಲಿ ಕರೆಂಟು ಕಳಿಸಿದವರೂ ಇದೇ ಲೆಕ್ಕ ಮಾಡಿದ್ದರು. ವೋಲ್ಟೇಜ್ ಏರಿಸಿ ಆಂಪಿಯರ್ ಇಳಿಸಿದರೆ ದಾರಿಯ ನಷ್ಟ ಕಡಿಮೆ. ದೊಡ್ಡ ಟವರಿನ ಲೈನುಗಳಲ್ಲಿ ಇಂದಿಗೂ ಅದೇ ಲೆಕ್ಕ.

ಪುಸ್ತಕದ ಕನ್ನಡ, ಬೀದಿಯ ಕನ್ನಡ

ಇದೆಲ್ಲ ಶಾಲೆಯಲ್ಲಿ ಇಲ್ಲವೇ? ಇದೆ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಓಮ್‌ನ ನಿಯಮ, ಸರಣಿ ಮತ್ತು ಸಮಾಂತರ ಜೋಡಣೆ, ಮನೆಯ ವೈರಿಂಗ್, ಫ್ಯೂಸ್ ಎಲ್ಲ ಇದೆ. ಮಕ್ಕಳು ಚಿತ್ರ ಬರೆದು ಅಂಕ ತೆಗೆಯುತ್ತಾರೆ. ಆದರೆ ಅಲ್ಲಿ ಓದುವುದು ವಿಭವಾಂತರ, ರೋಧ, ಭೂಸಂಪರ್ಕ ತಂತಿ. ಮನೆಯಲ್ಲಿ ಕೇಳುವುದು ವೋಲ್ಟೇಜ್, ಲೋಡ್, ಅರ್ಥಿಂಗ್. ಎರಡೂ ಒಂದೇ ಎಂದು ಹೇಳಿಕೊಡುವವರು ಇಲ್ಲದಿದ್ದರೆ ಪುಸ್ತಕದ ಪಾಠ ಪರೀಕ್ಷೆಯ ದಿನವೇ ಮುಗಿಯುತ್ತದೆ.

ಪುಸ್ತಕದ ಕನ್ನಡ ಬೇಡ ಎಂಬುದು ನಮ್ಮ ವಾದವಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರಂಥವರು 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದು ಕನ್ನಡದಲ್ಲಿ ವಿಜ್ಞಾನ ಬರೆಯಲು ದಾರಿ ಮಾಡಿದರು. ಆ ಶಬ್ದಗಳು ಮೇಲಿನ ಓದಿಗೆ ಬೇಕು. ಆದರೆ ಮೇಷ್ಟರು ಪಾಠ ಮಾಡುವಾಗ 'ಭೂಸಂಪರ್ಕ ತಂತಿ ಅಂದರೆ ನಿಮ್ಮ ಮನೆಯ ಹಿಂದಿನ ಅರ್ಥಿಂಗ್ ಗುಂಡಿಗೆ ಹೋಗುವ ಹಸಿರು ವೈರು, ಸಂಜೆ ಹೋಗಿ ನೋಡಿಕೊಂಡು ಬನ್ನಿ' ಎಂದರೆ ಸಾಕು. ಒಂದು ಬ್ಯಾಟರಿ ಸೆಲ್, ಟಾರ್ಚ್ ಬಲ್ಬು, ಎರಡು ತುಂಡು ವೈರು ಇದ್ದರೆ ಇಡೀ ತರಗತಿ ಸರ್ಕ್ಯೂಟ್ ಮಾಡಬಹುದು. ಅದರಲ್ಲಿ ಶಾಕಿನ ಭಯವೂ ಇಲ್ಲ.

ಅರ್ಧ ತಿಳಿದರೆ ಅಪಾಯವಲ್ಲವೇ?

ಈ ಮಾತಿಗೆ ಬರುವ ಆಕ್ಷೇಪಣೆ ನಮಗೆ ಗೊತ್ತು. 'ಅಲ್ಪಸ್ವಲ್ಪ ಗೊತ್ತಾದರೆ ಹುಡುಗರು ಕಂಬ ಹತ್ತುತ್ತಾರೆ, ಮೊದಲೇ ಸಾಯುವವರು ಇನ್ನೂ ಹೆಚ್ಚಾಗುತ್ತಾರೆ' ಎಂದು ಹಿರಿಯರು ಹೇಳುತ್ತಾರೆ. ಈ ಭಯದಲ್ಲಿ ಅರ್ಥವಿದೆ.

ಆದರೆ ಈಗ ಕಂಬ ಹತ್ತುತ್ತಿರುವವರು ಯಾರು? ಏನೂ ತಿಳಿಯದೆ ಧೈರ್ಯ ಮಾತ್ರ ಇರುವವರು. ಟಿಸಿಯ ಸ್ವಿಚ್ ಎಳೆದ ಮೇಲೂ ಪಕ್ಕದ ತೋಟದ ಜನರೇಟರ್‌ನಿಂದ ಲೈನಿಗೆ ಹಿಂದಿನಿಂದ ಕರೆಂಟು ಬರಬಹುದು ಎಂದು ಗೊತ್ತಿರುವವನು ಹತ್ತುವುದಿಲ್ಲ. ನಾವು ಕೇಳುತ್ತಿರುವ ತಿಳಿವಳಿಕೆಯ ಮೊದಲ ಪಾಠ ಯಾವುದನ್ನು ಮುಟ್ಟಬಾರದು ಎಂಬುದು. ಕಂಬ, ಟಿಸಿ, ಮೀಟರ್ ನಮ್ಮದಲ್ಲ, ಅವು ಇಲಾಖೆಯವರ ಕೆಲಸ. ಮನೆಯ ಒಳಗೆ ಹೊಸ ವೈರಿಂಗ್, ಅರ್ಥಿಂಗ್, ಆರ್‌ಸಿಸಿಬಿ ಲೈಸೆನ್ಸ್ ಇರುವವರ ಕೆಲಸ. ಮೇನ್ ಆಫ್ ಮಾಡುವುದು, ಬಲ್ಬು ಬದಲಿಸುವುದು, ಲೋಡ್ ಲೆಕ್ಕ ಹಾಕುವುದು, ತಪ್ಪು ಕಂಡರೆ ಗುರುತಿಸಿ ಹೇಳುವುದು ನಮ್ಮ ಕೆಲಸ.

2023ರ ನವೆಂಬರಿನಲ್ಲಿ ಹೊಸಕೋಟೆಗೆ ಹತ್ತಿರದ ಕಾಡುಗೋಡಿಯಲ್ಲಿ, ಹೋಪ್ ಫಾರ್ಮ್ ಬಳಿ, ಫುಟ್‌ಪಾತಿನ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಹಸುಗೂಸು ಪ್ರಾಣ ಬಿಟ್ಟರು. ಬೆಳಗಿನ ಜಾವ, ಕತ್ತಲು. ಅಲ್ಲಿ ತಪ್ಪು ನಡೆದುಹೋದವರದ್ದಲ್ಲ. ತಂತಿ ಬಿದ್ದರೆ ಲೈನು ತಾನಾಗಿ ಕಡಿತವಾಗಬೇಕಿತ್ತು. ಜನರಿಗೆ ತಿಳಿವಳಿಕೆ ಕೊಟ್ಟ ಮಾತ್ರಕ್ಕೆ ಇಲಾಖೆಯ ಹೊಣೆ ಕಡಿಮೆಯಾಗುವುದಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳುತ್ತೇವೆ. ಜೋತುಬಿದ್ದ ತಂತಿ, ಬಾಗಿದ ಕಂಬ, ಬೇಲಿ ಇಲ್ಲದ ಟಿಸಿ ಸರಿಪಡಿಸುವುದು ಅವರದ್ದೇ ಕೆಲಸ. ಸರ್ಕ್ಯೂಟ್ ಗೊತ್ತಿರುವ ಜನ ಆ ಕೆಲಸವನ್ನು ಸರಿಯಾದ ಹೆಸರು ಹಿಡಿದು ಕೇಳಬಲ್ಲರು.

ಬಿದ್ದ ತಂತಿಯ ವಿಷಯದಲ್ಲಿ ಮನೆಮಂದಿಗೆಲ್ಲ ಹೇಳಿಕೊಡಬೇಕಾದ್ದು ಇಷ್ಟು. ತಂತಿ ಸುಮ್ಮನೆ ಬಿದ್ದಿದೆ, ಕಿಡಿ ಇಲ್ಲ ಎಂದರೆ ಕರೆಂಟು ಇಲ್ಲ ಎಂದಲ್ಲ. ಅದರ ಸುತ್ತಲಿನ ನೆಲದಲ್ಲೂ ಕರೆಂಟು ಹರಡಿರುತ್ತದೆ, ಎರಡು ಕಾಲಿನ ನಡುವಿನ ಅಂತರವೇ ಶಾಕಿಗೆ ಸಾಕು. ಕನಿಷ್ಠ ಮೂವತ್ತು ನಲವತ್ತು ಅಡಿ ದೂರ ನಿಂತು, ಬೇರೆಯವರನ್ನೂ ದನಕರುಗಳನ್ನೂ ತಡೆದು, 1912ಕ್ಕೆ ಹೇಳಬೇಕು. ಮನೆಯೊಳಗೆ ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟದೆ ಮೊದಲು ಮೇನ್ ಆಫ್ ಮಾಡಬೇಕು. ಅದು ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಬೇಕು. 11 ಸಾವಿರ ವೋಲ್ಟಿನ ಲೈನಿನ ಮುಂದೆ ಮಾತ್ರ ಆ ಕೋಲನ್ನು ನಂಬಬೇಡಿ. ಆಮೇಲೆ 108.

ತಗಡಿನ ಮನೆಗೆ ಕಬ್ಬಿಣದ ತಂತಿ ಕಟ್ಟಿ ಬಟ್ಟೆ ಒಣಹಾಕುವುದನ್ನು ಬಿಡಬೇಕು. ಸರ್ವಿಸ್ ವೈರಿನ ತೊಗಟೆ ತಗಡಿಗೆ ಉಜ್ಜಿ ಕಿತ್ತರೆ ಇಡೀ ಮನೆ, ಆ ತಂತಿ, ಒದ್ದೆ ಬಟ್ಟೆ ಎಲ್ಲ ಫೇಸ್ ಆಗುತ್ತವೆ. ನೈಲಾನ್ ಹಗ್ಗ ಸಾಕು. ಹಂದಿ ಕಾಟಕ್ಕೆ ಬೇಲಿಗೆ ನೇರ ಕರೆಂಟು ಕೊಡುವುದು ಕಾನೂನಿನ ಪ್ರಕಾರ ಅಪರಾಧ. ಅದಕ್ಕೆ ಸಿಕ್ಕಿ ಸಾಯುವುದು ಹಂದಿ ಮಾತ್ರ ಅಲ್ಲ, ರಾತ್ರಿ ನೀರು ಕಟ್ಟಲು ಹೋದ ನಮ್ಮವರೇ.

ನಾವು ಕೇಳುವುದು

ಒಂದು, ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಲೈನ್‌ಮ್ಯಾನ್ ಮತ್ತು ಲೈಸೆನ್ಸ್ ಇರುವ ವೈರ್‌ಮನ್ ಅವರನ್ನು ಕರೆಸಿ ಒಂದು ದಿನದ ತಿಳಿವಳಿಕೆ ಶಿಬಿರ ಮಾಡಲಿ. ಮಹಿಳಾ ಸಂಘಗಳನ್ನು ತಪ್ಪದೆ ಕರೆಯಲಿ. ಮನೆಯಲ್ಲಿ ಗ್ರೈಂಡರ್, ಕಾಯಿಲ್, ನೀರಿನ ಮೋಟಾರ್ ಮುಟ್ಟುವವರು ಹೆಚ್ಚಾಗಿ ಅವರೇ.

ಎರಡು, ಸರ್ಕಾರಿ ವಸತಿ ಯೋಜನೆಯ ಮನೆಗೆ ಕೊನೆಯ ಕಂತು ಬಿಡುಗಡೆ ಮಾಡುವ ಮೊದಲು ಅರ್ಥಿಂಗ್ ಮತ್ತು ಆರ್‌ಸಿಸಿಬಿ ಇದೆಯೇ ಎಂದು ನೋಡಲಿ.

ಮೂರು, ಪ್ರೌಢಶಾಲೆಗಳಲ್ಲಿ ಈ ಪಾಠದ ಜೊತೆಗೆ ಮಕ್ಕಳು ತಮ್ಮ ಮನೆಯ ಸರ್ಕ್ಯೂಟ್ ಚಿತ್ರ ಬರೆದುಕೊಂಡು ಬರುವ ಚಟುವಟಿಕೆ ಇರಲಿ. ಯಾವ ಎಂಸಿಬಿ ಯಾವ ಕೋಣೆಗೆ, ಮೇನ್ ಎಲ್ಲಿ, ಅರ್ಥಿಂಗ್ ಗುಂಡಿ ಎಲ್ಲಿ.

ನಾಲ್ಕು, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಿಂದ ಹಿಡಿದು ಊರ ಗಣೇಶನವರೆಗೆ, ಸಾರ್ವಜನಿಕ ಚಪ್ಪರಕ್ಕೆ ಕೊಕ್ಕೆ ಹಾಕಿ ಕರೆಂಟು ತೆಗೆಯುವುದನ್ನು ಊರಿನವರೇ ನಿಲ್ಲಿಸಲಿ. ತಾತ್ಕಾಲಿಕ ಸಂಪರ್ಕ ಕೇಳಿದರೆ ಕೊಡುವ ವ್ಯವಸ್ಥೆ ಇದೆ.

ಇವೆಲ್ಲ ಆಗುವವರೆಗೆ ಕಾಯಬೇಕಿಲ್ಲ. ಇದನ್ನು ಓದಿದ ಮೇಲೆ ಹಗಲು ಹೊತ್ತಿನಲ್ಲಿ ಒಮ್ಮೆ ಮನೆಯ ಎಂಸಿಬಿ ಬಾಕ್ಸ್ ಮುಂದೆ ನಿಂತು ಒಂದೊಂದನ್ನೇ ಆಫ್ ಮಾಡಿ, ಯಾವುದಕ್ಕೆ ಯಾವ ಕೋಣೆ ಆರುತ್ತದೆ ಎಂದು ಚೀಟಿ ಬರೆದು ಅಂಟಿಸಿ. ಆರ್‌ಸಿಸಿಬಿ ಇದ್ದರೆ 'ಟಿ' ಗುಂಡಿ ಒತ್ತಿ ನೋಡಿ. ಹಸಿರು ವೈರು ಎಲ್ಲಿಗೆ ಹೋಗುತ್ತದೆ ಎಂದು ಗೋಡೆಯುದ್ದಕ್ಕೂ ಕಣ್ಣು ಹಾಯಿಸಿ, ಗುಂಡಿ ಸಿಕ್ಕರೆ ಒಂದು ಬಿಂದಿಗೆ ನೀರು ಹುಯ್ಯಿರಿ. ಸಿಗದಿದ್ದರೆ ಈ ವಾರವೇ ಲೈಸೆನ್ಸ್ ಇರುವ ವೈರ್‌ಮನ್‌ಗೆ ಫೋನ್ ಮಾಡಿ.